ಕೈರೊಪ್ರ್ಯಾಕ್ಟಿಕ್ ಮತ್ತು ಜೀರ್ಣಾಂಗಗಳ ಆರೋಗ್ಯ

ಕೈರೊಪ್ರ್ಯಾಕ್ಟಿಕ್ ಎಂಬುದು ಬೆನ್ನುಮೂಳೆ, ಕೀಲು ಹಾಗೂ ಸ್ನಾಯುಗಳ ತೊಂದರೆಗಳಿಗೆ ಔಷಧ, ಶಸ್ತ್ರಚಿಕಿತ್ಸೆಗಳಿಲ್ಲದೆ ಮುಖ್ಯವಾಗಿ ಕೈಗಳಿಂದಲೇ ಉಪಚಾರ ಮಾಡುವ ಒಂದು ಪರ್ಯಾಯ ಚಿಕಿತ್ಸಾ ಪದ್ಧತಿ. ಇದು 1895ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ನಗರದಲ್ಲಿ ಆರಂಭವಾಯಿತು. ಇಂದು ಜನರು ಈ ಚಿಕಿತ್ಸೆಯನ್ನು ಹೆಚ್ಚಾಗಿ ಅರಸಿ ಹೋಗುವುದು ಸೊಂಟನೋವು, ಕುತ್ತಿಗೆನೋವು ಮತ್ತು ಕೆಲವು ಬಗೆಯ ತಲೆನೋವುಗಳಿಗಾಗಿ. ಆದರೆ ಮಲಬದ್ಧತೆ, ಎದೆಯುರಿ, ಅಜೀರ್ಣ, ಐಬಿಎಸ್ ಎಂದು ಪರಿಚಿತವಾದ ಕೆರಳುವ ಕರುಳಿನ ಲಕ್ಷಣಕೂಟ, ಎಳೆಯ ಶಿಶುಗಳ ಹೊಟ್ಟೆನೋವಿನ ಅಳು ಮುಂತಾದ ತೊಂದರೆಗಳೂ ಬೆನ್ನುಮೂಳೆಯನ್ನು ಸರಿಪಡಿಸುವುದರಿಂದ ಗುಣವಾಗುತ್ತವೆ ಎಂದು ಈ ಪದ್ಧತಿಯ ಒಂದು ವರ್ಗದವರು ಮೊದಲಿನಿಂದಲೂ ಹೇಳುತ್ತ ಬಂದಿದ್ದಾರೆ.

ಈ ಹೇಳಿಕೆಯನ್ನು ಸಮರ್ಥಿಸುವ ವಿಶ್ವಾಸಾರ್ಹ ವೈಜ್ಞಾನಿಕ ಪುರಾವೆ ದೊರೆತಿಲ್ಲ. ಆದರೆ ಚಿಕಿತ್ಸೆಯ ಜೊತೆಯಲ್ಲಿ ನೀಡಲಾಗುವ ನಾರಿನಂಶದ ಆಹಾರ, ನಡಿಗೆ, ಊಟದ ಹೊತ್ತು, ನಿದ್ರೆ, ತಂಬಾಕು ತ್ಯಾಗ ಮೊದಲಾದ ಜೀವನಶೈಲಿಯ ಸಲಹೆಗಳಲ್ಲಿ ಹಲವಕ್ಕೆ ಉತ್ತಮ ಆಧಾರವಿದೆ. ಆದ್ದರಿಂದ ಬೆನ್ನುಮೂಳೆಯ ಉಪಚಾರ ಮತ್ತು ಜೀವನಶೈಲಿಯ ಬದಲಾವಣೆ ಇವೆರಡನ್ನೂ ಪ್ರತ್ಯೇಕವಾಗಿ ಪರಿಶೀಲಿಸಲಾಗುತ್ತದೆ. ಜೀರ್ಣಾಂಗಗಳ ಕೆಲವು ಗಂಭೀರ ರೋಗಗಳು ಮೊದಲು ಬೆನ್ನುನೋವಾಗಿ ಕಾಣಿಸಿಕೊಳ್ಳುವುದರಿಂದ ಈ ವಿವೇಚನೆಗೆ ರೋಗಿಯ ಸುರಕ್ಷತೆಯ ದೃಷ್ಟಿಯಿಂದಲೂ ಮಹತ್ವವಿದೆ.

ಇತಿಹಾಸ

ಕೈರೊಪ್ರ್ಯಾಕ್ಟಿಕ್ ಪದ್ಧತಿಯ ಸ್ಥಾಪಕ ಡ್ಯಾನಿಯಲ್ ಡೇವಿಡ್ ಪಾಮರ್ (1845–1913). ಕೆನಡಾದಲ್ಲಿ ಜನಿಸಿದ ಇವರು ಅಮೆರಿಕಕ್ಕೆ ವಲಸೆ ಬಂದು, ಅಂಗೈಯ ಸ್ಪರ್ಶದಿಂದ ರೋಗ ಗುಣಪಡಿಸುವುದಾಗಿ ಹೇಳುವ ‘ಕಾಂತೀಯ ಚಿಕಿತ್ಸೆ’ಯನ್ನು ನಡೆಸುತ್ತಿದ್ದರು. 1895ರ ಸೆಪ್ಟೆಂಬರ್‌ನಲ್ಲಿ ಹಾರ್ವೆ ಲಿಲ್ಲಾರ್ಡ್ ಎಂಬ ಕೆಲಸಗಾರನ ಬೆನ್ನುಮೂಳೆಯ ಒಂದು ಮಣಿಯನ್ನು ಒತ್ತಿ ಸರಿಪಡಿಸಿದಾಗ ಆತನ ಕಿವುಡುತನ ಕಡಿಮೆಯಾಯಿತೆಂದು ಪಾಮರ್ ಹೇಳಿಕೊಂಡರು. ಕೈ ಮತ್ತು ಕ್ರಿಯೆ ಎಂಬ ಅರ್ಥ ಕೊಡುವ ಗ್ರೀಕ್ ಮೂಲದ ಪದಗಳಿಂದ ಈ ಪದ್ಧತಿಗೆ ಹೆಸರು ಬಂದಿತು. 1897ರಲ್ಲಿ ಪಾಮರ್ ಡೇವನ್‌ಪೋರ್ಟ್‌ನಲ್ಲಿ ಶಾಲೆಯೊಂದನ್ನು ತೆರೆದರು. ಅವರ ಮಗ ಬಿ. ಜೆ. ಪಾಮರ್ ಅದನ್ನು ಬೆಳೆಸಿ ಪದ್ಧತಿಯನ್ನು ವ್ಯಾಪಕವಾಗಿ ಪ್ರಚಾರ ಮಾಡಿದರು.

ಹಿರಿಯ ಪಾಮರ್ ಅವರ ಪ್ರಕಾರ ಮನುಷ್ಯನ ರೋಗಗಳಲ್ಲಿ ಶೇಕಡ 95ರಷ್ಟಕ್ಕೆ ಬೆನ್ನುಮೂಳೆಯ ಮಣಿಗಳು ಸ್ಥಾನ ತಪ್ಪಿರುವುದೇ ಕಾರಣ. ಹೀಗೆ ಸ್ಥಾನ ತಪ್ಪುವುದನ್ನು ‘ಸಬ್‌ಲಕ್ಸೇಷನ್’ ಎಂದು ಕರೆಯಲಾಯಿತು. 20ನೆಯ ಶತಮಾನದ ಆರಂಭದಲ್ಲಿ ಪ್ರತಿಯೊಂದು ಮಣಿಯನ್ನೂ ಒಂದೊಂದು ಅಂಗದೊಡನೆ ಜೋಡಿಸುವ ‘ಮೆರಿಕ್’ ಎಂಬ ವ್ಯವಸ್ಥೆ ರೂಪುಗೊಂಡಿತು. ಅದರಲ್ಲಿ ಎದೆಯ ಭಾಗದ ಮಣಿಗಳನ್ನು ಜಠರ, ಯಕೃತ್ತು, ಪಿತ್ತಕೋಶಗಳಿಗೂ ಸೊಂಟದ ಮಣಿಗಳನ್ನು ದೊಡ್ಡ ಕರುಳಿಗೂ ಸಂಬಂಧಿಸಲಾಗಿತ್ತು. ಕೆಲವು ಚಿಕಿತ್ಸಾಲಯಗಳ ಗೋಡೆಗಳ ಮೇಲೆ ಇಂದಿಗೂ ಕಾಣುವ ಬಣ್ಣದ ನಕ್ಷೆಗಳಿಗೆ ಈ ವ್ಯವಸ್ಥೆಯೇ ಮೂಲ.

ಆರಂಭದ ದಶಕಗಳಲ್ಲಿಯೇ ಪದ್ಧತಿಯ ಅನುಯಾಯಿಗಳಲ್ಲಿ ಎರಡು ಪಂಗಡಗಳಾದವು. ಬೆನ್ನುಮೂಳೆಯ ಹೊಂದಾಣಿಕೆಯೊಂದೇ ಸಾಕು ಎಂದವರನ್ನು ‘ಸ್ಟ್ರೇಟ್’ ಎಂದೂ, ಅದರೊಡನೆ ಪಥ್ಯ, ವ್ಯಾಯಾಮ, ಜಲಚಿಕಿತ್ಸೆ ಮುಂತಾದವನ್ನು ಸೇರಿಸಿಕೊಂಡವರನ್ನು ‘ಮಿಕ್ಸರ್’ ಎಂದೂ ಕರೆಯಲಾಯಿತು. ಜೀರ್ಣಾಂಗಗಳ ಆರೋಗ್ಯಕ್ಕಾಗಿ ಆಹಾರ ಮತ್ತು ಜೀವನಕ್ರಮದ ಸಲಹೆ ನೀಡುವ ರೂಢಿ ಮುಖ್ಯವಾಗಿ ಎರಡನೆಯ ಪಂಗಡದಿಂದ ಬಂದಿದೆ.

ಕೈರೊಪ್ರ್ಯಾಕ್ಟರ್‌ಗಳಿಗೆ ಪರವಾನಗಿ ನೀಡುವ ಕಾನೂನನ್ನು ಅಮೆರಿಕದಲ್ಲಿ ಮೊದಲು ಮಾಡಿದ್ದು ಕಾನ್ಸಾಸ್ (1913). ಕೊನೆಯ ರಾಜ್ಯ ಲೂಯಿಸಿಯಾನ (1974). ಅಮೆರಿಕನ್ ವೈದ್ಯಕೀಯ ಸಂಘವು ತಮ್ಮನ್ನು ಸಂಘಟಿತವಾಗಿ ಬಹಿಷ್ಕರಿಸುತ್ತಿದೆ ಎಂದು ಕೆಲವು ಕೈರೊಪ್ರ್ಯಾಕ್ಟರ್‌ಗಳು 1976ರಲ್ಲಿ ಮೊಕದ್ದಮೆ ಹೂಡಿದರು. 1987ರಲ್ಲಿ ತೀರ್ಪು ಕೈರೊಪ್ರ್ಯಾಕ್ಟರ್‌ಗಳ ಪರವಾಗಿ ಬಂದಿತು. ಆ ತೀರ್ಪು ವ್ಯಾಪಾರ ಸ್ಪರ್ಧೆಯ ಕಾನೂನಿಗೆ ಸಂಬಂಧಿಸಿದ್ದೇ ಹೊರತು ಚಿಕಿತ್ಸೆಯ ಪರಿಣಾಮವನ್ನು ಎತ್ತಿಹಿಡಿದದ್ದಲ್ಲ. ಬ್ರಿಟನ್ನಿನಲ್ಲಿ 1994ರ ಕಾಯಿದೆಯ ಮೂಲಕ ಜನರಲ್ ಕೈರೊಪ್ರ್ಯಾಕ್ಟಿಕ್ ಕೌನ್ಸಿಲ್ ಎಂಬ ನಿಯಂತ್ರಣ ಸಂಸ್ಥೆ ರಚನೆಯಾಯಿತು.

ಚಿಕಿತ್ಸಾ ವಿಧಾನ

ಕೈರೊಪ್ರ್ಯಾಕ್ಟರ್ ರೋಗಿಯ ಭಂಗಿ, ನಡಿಗೆ ಮತ್ತು ಬೆನ್ನುಮೂಳೆಯ ಚಲನೆಯನ್ನು ಪರೀಕ್ಷಿಸುತ್ತಾರೆ. ಅನಂತರ ಆಯ್ದ ಕೀಲಿನ ಮೇಲೆ ಕಡಿಮೆ ಅಂತರದ, ಆದರೆ ಬಹಳ ವೇಗದ ಒತ್ತಡವನ್ನು ಕೈಯಿಂದ ಹಾಕುತ್ತಾರೆ. ಇದನ್ನು ‘ಹೊಂದಾಣಿಕೆ’ ಎನ್ನಲಾಗುತ್ತದೆ. ಆಗ ಬೆರಳಿನ ನೆಟಿಕೆ ತೆಗೆದಾಗ ಆಗುವಂಥ ಶಬ್ದ ಕೇಳಿಬರುವುದುಂಟು. ಮೂಳೆ ತನ್ನ ಸ್ಥಾನಕ್ಕೆ ಮರಳಿದುದರಿಂದ ಈ ಶಬ್ದ ಬರುವುದಿಲ್ಲ. ಕೀಲಿನೊಳಗಿನ ದ್ರವದ ಒತ್ತಡ ಹಠಾತ್ತನೆ ಇಳಿದು ಅನಿಲದ ಗುಳ್ಳೆ ಉಂಟಾಗುವುದಕ್ಕೂ ಇದಕ್ಕೂ ಸಂಬಂಧವಿದೆ. ಇದಲ್ಲದೆ ನಿಧಾನವಾದ ಕೀಲುಚಲನೆ, ಸ್ನಾಯುಗಳ ಮರ್ದನ, ಹಿಗ್ಗಿಸುವ ವ್ಯಾಯಾಮಗಳನ್ನೂ ಬಳಸಲಾಗುತ್ತದೆ. ಜೀರ್ಣಾಂಗಗಳ ತೊಂದರೆ ಹೇಳಿಕೊಂಡು ಬಂದವರಿಗೆ ಸಾಮಾನ್ಯವಾಗಿ ಬೆನ್ನಿನ ಮಧ್ಯಭಾಗ, ಸೊಂಟ ಮತ್ತು ಕುತ್ತಿಗೆಯ ಮೇಲ್ಭಾಗದಲ್ಲಿ ಹೊಂದಾಣಿಕೆ ಮಾಡಿ, ಆಹಾರದ ಸಲಹೆ ನೀಡಲಾಗುತ್ತದೆ.

ಜೀರ್ಣಾಂಗಗಳ ನರ ನಿಯಂತ್ರಣ

ಕೈರೊಪ್ರ್ಯಾಕ್ಟಿಕ್‌ನ ವಾದವನ್ನು ಪರಿಶೀಲಿಸಲು ಜೀರ್ಣಾಂಗಗಳಿಗೆ ನರಗಳು ತಲಪುವ ಬಗೆಯನ್ನು ತಿಳಿಯಬೇಕಾಗುತ್ತದೆ. ಈ ನಿಯಂತ್ರಣದಲ್ಲಿ ಮೂರು ಹಂತಗಳಿವೆ.

ಮೊದಲನೆಯದು ಕರುಳಿನದೇ ಆದ ನರವ್ಯೂಹ. ಅನ್ನನಾಳದಿಂದ ಗುದದವರೆಗೆ ಜೀರ್ಣನಾಳದ ಗೋಡೆಯೊಳಗೆ 10 ಕೋಟಿಗೂ ಹೆಚ್ಚು ನರಕೋಶಗಳ ಜಾಲವಿದೆ. ಆಹಾರವನ್ನು ಅಲೆಅಲೆಯಾಗಿ ಮುಂದೂಡುವ ಸಂಕೋಚನವನ್ನು ಈ ಜಾಲವೇ ನಡೆಸಬಲ್ಲದು. ಹೊರಗಿನಿಂದ ಕರುಳಿಗೆ ಬರುವ ನರಗಳನ್ನು ಕತ್ತರಿಸಿದ ಮೇಲೂ ಈ ಚಲನೆ ಮುಂದುವರಿಯುತ್ತದೆ ಎಂಬುದನ್ನು ಲಂಡನ್ನಿನ ಶರೀರಕ್ರಿಯಾ ವಿಜ್ಞಾನಿಗಳಾದ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ 1899ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಸಿದರು.

ಎರಡನೆಯದು ಪ್ಯಾರಾಸಿಂಪಥೆಟಿಕ್ ನರಗಳು. ಇವು ಜೀರ್ಣರಸಗಳ ಸ್ರವಿಕೆಯನ್ನೂ ಕರುಳಿನ ಚಲನೆಯನ್ನೂ ಹೆಚ್ಚಿಸುತ್ತವೆ. ಇವುಗಳಲ್ಲಿ ಮುಖ್ಯವಾದ ವೇಗಸ್ ನರವು ಮಿದುಳಿನ ಕಾಂಡದಿಂದ ಹೊರಟು ತಲೆಬುರುಡೆಯ ತಳದಲ್ಲಿರುವ ರಂಧ್ರದ ಮೂಲಕ ಇಳಿಯುತ್ತದೆ. ಅದು ಬೆನ್ನುಮೂಳೆಯ ಮಣಿಗಳ ನಡುವಿನಿಂದ ಹೊರಬರುವುದಿಲ್ಲ. ದೊಡ್ಡ ಕರುಳಿನ ಕೊನೆಯ ಭಾಗ ಮತ್ತು ಗುದನಾಳಕ್ಕೆ ಮಾತ್ರ ಬೆನ್ನುಹುರಿಯ ಕೆಳತುದಿಯ ನರಗಳು ಬರುತ್ತವೆ.

ಮೂರನೆಯದು ಸಿಂಪಥೆಟಿಕ್ ನರಗಳು. ಎದೆಯ ಕೆಳಭಾಗ ಮತ್ತು ಸೊಂಟದ ಮೇಲ್ಭಾಗದ ಮಟ್ಟದಲ್ಲಿ ಬೆನ್ನುಹುರಿಯಿಂದ ಹೊರಡುವ ಇವು ಕರುಳಿನ ಚಲನೆಯನ್ನು ಸಾಮಾನ್ಯವಾಗಿ ತಗ್ಗಿಸುತ್ತವೆ. ಒಂದು ಅಂಗಕ್ಕೆ ಹಲವು ಮಟ್ಟಗಳಿಂದ ನರತಂತುಗಳು ಬರುವುದರಿಂದ ಒಂದು ಮಣಿಗೆ ಒಂದು ಅಂಗ ಎಂಬ ನಕ್ಷೆಯು ಅಂಗರಚನೆಗೆ ಹೊಂದುವುದಿಲ್ಲ.

ವಾದ ಮತ್ತು ವಿಮರ್ಶೆ

ಮಣಿಯೊಂದು ಸ್ವಲ್ಪ ಸರಿದರೆ ಅದು ನರವನ್ನು ಒತ್ತುತ್ತದೆ, ಅದರಿಂದ ಅಂಗಕ್ಕೆ ಹೋಗುವ ಸಂದೇಶ ತಡೆಯುತ್ತದೆ, ಮಣಿಯನ್ನು ಸರಿಪಡಿಸಿದರೆ ಅಂಗವು ಮತ್ತೆ ಸರಿಯಾಗಿ ಕೆಲಸ ಮಾಡುತ್ತದೆ ಎಂಬುದು ಸಾಂಪ್ರದಾಯಿಕ ವಾದ. ಯೇಲ್ ವಿಶ್ವವಿದ್ಯಾಲಯದ ಅಂಗರಚನಾಶಾಸ್ತ್ರಜ್ಞ ಎಡ್ಮಂಡ್ ಕ್ರೆಲಿನ್ ಇದನ್ನು ಪರೀಕ್ಷಿಸಿ 1973ರಲ್ಲಿ ವರದಿ ಪ್ರಕಟಿಸಿದರು. ಮೃತದೇಹಗಳಿಂದ ತೆಗೆದ ಬೆನ್ನುಮೂಳೆಗಳನ್ನು ಯಂತ್ರದಿಂದ ಬಾಗಿಸಿ, ತಿರುಚಿ ನೋಡಿದಾಗ, ಬೆನ್ನುಮೂಳೆಗೆ ಹಾನಿಯಾಗುವಷ್ಟು ಬಲ ಹಾಕುವವರೆಗೆ ಮಣಿಗಳು ನರಕ್ಕೆ ತಾಗಲಿಲ್ಲ. ನರದ ಸುತ್ತ ಸಾಕಷ್ಟು ತೆರವು ಇರುವುದು ಇದಕ್ಕೆ ಕಾರಣ.

ಬೆನ್ನುಹುರಿ ಮತ್ತು ನರಗಳಿಗೆ ನಿಜವಾದ ಹಾನಿಯಾದಾಗ ಕರುಳಿನ ಕೆಲಸ ಕೆಡುವುದು ಸತ್ಯ. ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದವರಲ್ಲಿ ತೀವ್ರ ಮಲಬದ್ಧತೆ ಮತ್ತು ಮಲದ ಹಿಡಿತ ತಪ್ಪುವುದು ಸಾಮಾನ್ಯ. ಆದರೆ ಇಂಥ ಹಾನಿಯು ಸ್ಕ್ಯಾನ್ ಮತ್ತು ನರ ಪರೀಕ್ಷೆಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸಬ್‌ಲಕ್ಸೇಷನ್ ಅನ್ನು ಹಾಗೆ ನಂಬಲರ್ಹವಾಗಿ ಗುರುತಿಸಲು ಸಾಧ್ಯವಾಗಿಲ್ಲ. ಬ್ರಿಟನ್ನಿನ ಜನರಲ್ ಕೈರೊಪ್ರ್ಯಾಕ್ಟಿಕ್ ಕೌನ್ಸಿಲ್ ಕೂಡ 2010ರಲ್ಲಿ ಸಬ್‌ಲಕ್ಸೇಷನ್ ಒಂದು ಐತಿಹಾಸಿಕ ಪರಿಕಲ್ಪನೆಯೆಂದೂ, ಅದು ರೋಗಕ್ಕೆ ಕಾರಣವೆಂದು ಹೇಳಲು ಬೇಕಾದ ಸಂಶೋಧನಾ ಆಧಾರ ಇಲ್ಲವೆಂದೂ ತಿಳಿಸಿತು.

ರೋಗಕಾರಣಗಳ ಕುರಿತ ತಿಳಿವಳಿಕೆಯೂ ಈ ನಡುವೆ ಬದಲಾಗಿದೆ. ಜಠರದ ಹುಣ್ಣಿಗೆ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯ ಮುಖ್ಯ ಕಾರಣ ಎಂದು ತೋರಿಸಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಒಂದು ಕಾಲದಲ್ಲಿ ಬೆನ್ನಿನ ದೋಷಕ್ಕೂ ಮಾನಸಿಕ ಒತ್ತಡಕ್ಕೂ ಆರೋಪಿಸಲಾಗುತ್ತಿದ್ದ ಈ ಹುಣ್ಣಿಗೆ ಇಂದು ಪ್ರತಿಜೀವಕ ಮತ್ತು ಆಮ್ಲ ತಗ್ಗಿಸುವ ಔಷಧಗಳ ಚಿಕಿತ್ಸೆ ಇದೆ.

ವೈಜ್ಞಾನಿಕ ಅಧ್ಯಯನಗಳು

ವಯಸ್ಕರ ಜೀರ್ಣಾಂಗ ತೊಂದರೆಗಳು

ಎಡ್ಜರ್ಡ್ ಅರ್ನ್ಸ್ಟ್ ಅವರು 2011ರಲ್ಲಿ ಪ್ರಕಟಿಸಿದ ವ್ಯವಸ್ಥಿತ ಸಮೀಕ್ಷೆಯಲ್ಲಿ ಜೀರ್ಣಾಂಗಗಳ ತೊಂದರೆಗಳಿಗೆ ಕೈರೊಪ್ರ್ಯಾಕ್ಟಿಕ್ ಬಳಸಿದ, ಪರಿಗಣಿಸಲು ಯೋಗ್ಯವಾದ ಪ್ರಯೋಗಗಳು ಎರಡೇ ದೊರೆತವು. ಒಂದು ಸಣ್ಣ ಪ್ರಾಯೋಗಿಕ ಅಧ್ಯಯನವಾಗಿದ್ದು ಗಣನೀಯ ವ್ಯತ್ಯಾಸ ತೋರಲಿಲ್ಲ. ಇನ್ನೊಂದು ಅನುಕೂಲಕರ ಫಲಿತಾಂಶ ಹೇಳಿದರೂ ಅದರ ವಿಧಾನದಲ್ಲಿ ಗಂಭೀರ ದೋಷಗಳಿದ್ದವು. ಹೀಗಾಗಿ ಈ ಬಳಕೆಗೆ ಬೆಂಬಲ ನೀಡುವ ಪುರಾವೆ ಇಲ್ಲ ಎಂದು ಸಮೀಕ್ಷೆ ತೀರ್ಮಾನಿಸಿತು.

2019ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಟೊರಾಂಟೊದಲ್ಲಿ ಎಂಟು ದೇಶಗಳ ಸಂಶೋಧಕರು ಸೇರಿ, ಮೂಳೆ ಮತ್ತು ಸ್ನಾಯುಗಳಿಗೆ ಸಂಬಂಧಿಸದ ರೋಗಗಳ ಮೇಲೆ ಬೆನ್ನುಮೂಳೆಯ ಉಪಚಾರದ ಪರಿಣಾಮವನ್ನು ಪರಿಶೀಲಿಸಿದರು. 2021ರಲ್ಲಿ ಪ್ರಕಟವಾದ ಅವರ ಸಮೀಕ್ಷೆಯು ಶಿಶುಗಳ ಹೊಟ್ಟೆನೋವಿನ ಅಳು, ಮಕ್ಕಳ ಆಸ್ತಮಾ, ಅಧಿಕ ರಕ್ತದೊತ್ತಡ, ಮುಟ್ಟಿನ ನೋವು ಮತ್ತು ಮೈಗ್ರೇನ್‌ಗಳಲ್ಲಿ ಪರಿಣಾಮದ ಪುರಾವೆ ಇಲ್ಲವೆಂದು ಹೇಳಿತು. ಈ ಸಂಶೋಧಕರಲ್ಲಿ ಹಲವರು ಕೈರೊಪ್ರ್ಯಾಕ್ಟಿಕ್ ಹಿನ್ನೆಲೆಯವರೇ ಆಗಿದ್ದರು.

ಇದಕ್ಕೆ ವ್ಯತಿರಿಕ್ತವಾಗಿ, ಸೊಂಟನೋವಿನಲ್ಲಿ ಈ ಉಪಚಾರಕ್ಕೆ ಸ್ವಲ್ಪಮಟ್ಟಿನ ಆಧಾರವಿದೆ. ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನ 2017ರ ಮಾರ್ಗಸೂಚಿಯೂ ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯೂ ಸೊಂಟನೋವಿಗೆ ಔಷಧೇತರ ಆಯ್ಕೆಗಳಲ್ಲಿ ಇದನ್ನು ಸೇರಿಸಿವೆ. ಈ ಶಿಫಾರಸು ಹೊಟ್ಟೆಯ ತೊಂದರೆಗಳಿಗೆ ಅನ್ವಯಿಸುವುದಿಲ್ಲ.

ಶಿಶುಗಳ ಹೊಟ್ಟೆನೋವಿನ ಅಳು

ಆರೋಗ್ಯವಾಗಿರುವ ಎಳೆಯ ಶಿಶುವು ದಿನಕ್ಕೆ ಹಲವು ಗಂಟೆ ಕಾಲ ಸಮಾಧಾನವಿಲ್ಲದೆ ಅಳುವ ಸ್ಥಿತಿಯನ್ನು ಕೋಲಿಕ್ ಎನ್ನುತ್ತಾರೆ. ಇದು ಸುಮಾರು ಆರನೆಯ ವಾರದಲ್ಲಿ ಅತಿ ಹೆಚ್ಚಾಗಿದ್ದು, ಮೂರು ನಾಲ್ಕು ತಿಂಗಳಾಗುವ ವೇಳೆಗೆ ಸಾಮಾನ್ಯವಾಗಿ ತಾನಾಗಿಯೇ ಕಡಿಮೆಯಾಗುತ್ತದೆ. 2012ರ ಕಾಕ್ರೇನ್ ಸಮೀಕ್ಷೆಯು ಒಟ್ಟು 325 ಶಿಶುಗಳಿದ್ದ ಆರು ಪ್ರಯೋಗಗಳನ್ನು ಪರಿಶೀಲಿಸಿತು. ಕೈಚಿಕಿತ್ಸೆ ಪಡೆದ ಶಿಶುಗಳ ಅಳು ಕಡಿಮೆಯಾಯಿತೆಂದು ಹೆತ್ತವರು ವರದಿ ಮಾಡಿದ್ದರು. ಆದರೆ ಹೆಚ್ಚಿನ ಪ್ರಯೋಗಗಳಲ್ಲಿ ಮಗುವಿಗೆ ಚಿಕಿತ್ಸೆ ಆಗಿದೆಯೇ ಇಲ್ಲವೇ ಎಂಬುದು ಹೆತ್ತವರಿಗೆ ತಿಳಿದಿತ್ತು. ಆದ್ದರಿಂದ ಪೂರ್ವಗ್ರಹದ ಸಾಧ್ಯತೆ ಹೆಚ್ಚಾಗಿದ್ದು ಖಚಿತ ತೀರ್ಮಾನಕ್ಕೆ ಬರಲಾಗದು ಎಂದು ಸಮೀಕ್ಷೆ ತಿಳಿಸಿತು.

ಗುಣವಾದಂತೆ ಕಾಣಲು ಕಾರಣಗಳು

ಚಿಕಿತ್ಸೆಯ ನಂತರ ಹೊಟ್ಟೆಯ ತೊಂದರೆ ಕಡಿಮೆಯಾಯಿತೆಂದು ಹಲವರು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಮಲಬದ್ಧತೆ, ಎದೆಯುರಿ ಮತ್ತು ಐಬಿಎಸ್‌ನ ಲಕ್ಷಣಗಳು ಏರಿಳಿತದ ಸ್ವಭಾವದವು. ತೊಂದರೆ ಅತಿಯಾದಾಗ ಜನರು ಚಿಕಿತ್ಸೆಗೆ ಹೋಗುತ್ತಾರೆ. ಅನಂತರ ಅದು ಸಹಜವಾಗಿಯೇ ಇಳಿಯುತ್ತದೆ. ಗಮನವಿಟ್ಟು ಕೇಳುವ ಚಿಕಿತ್ಸಕ, ಸ್ಪರ್ಶ, ಗುಣವಾಗುವ ನಿರೀಕ್ಷೆ ಇವುಗಳಿಂದ ಪ್ಲಸೀಬೊ ಪರಿಣಾಮವೂ ಉಂಟಾಗುತ್ತದೆ. ಐಬಿಎಸ್‌ನಲ್ಲಿ ಈ ಪರಿಣಾಮ ವಿಶೇಷವಾಗಿ ಹೆಚ್ಚು. ಅದೇ ಅವಧಿಯಲ್ಲಿ ರೋಗಿಯು ಆಹಾರ ಮತ್ತು ದಿನಚರಿಯನ್ನು ಬದಲಾಯಿಸಿದ್ದರೆ ಫಲ ಯಾವುದರಿಂದ ಬಂದಿತೆಂದು ಹೇಳಲಾಗದು. ಈ ಕಾರಣಕ್ಕಾಗಿಯೇ ಹೋಲಿಕೆಯ ಗುಂಪು ಇರುವ ಪ್ರಯೋಗಗಳು ಅಗತ್ಯವಾಗುತ್ತವೆ.

ವಿವಾದಗಳು

2008ರ ಏಪ್ರಿಲ್‌ನಲ್ಲಿ ವಿಜ್ಞಾನ ಲೇಖಕ ಸೈಮನ್ ಸಿಂಗ್ ಅವರು ಗಾರ್ಡಿಯನ್ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ಶಿಶುಗಳ ಕೋಲಿಕ್, ಹಾಲು ಕುಡಿಯುವ ತೊಂದರೆ, ಆಸ್ತಮಾ ಮೊದಲಾದವಕ್ಕೆ ಕೈರೊಪ್ರ್ಯಾಕ್ಟಿಕ್ ನೆರವಾಗುತ್ತದೆ ಎಂಬ ಹೇಳಿಕೆಗಳಿಗೆ ಪುರಾವೆ ಇಲ್ಲವೆಂದು ಟೀಕಿಸಿದರು. ಬ್ರಿಟಿಷ್ ಕೈರೊಪ್ರ್ಯಾಕ್ಟಿಕ್ ಸಂಘವು ಅವರ ವಿರುದ್ಧ ಮಾನನಷ್ಟ ಮೊಕದ್ದಮೆ ಹೂಡಿತು. ಮೇಲ್ಮನವಿ ನ್ಯಾಯಾಲಯದ ತೀರ್ಪು ಸಿಂಗ್ ಅವರಿಗೆ ಅನುಕೂಲಕರವಾಗಿ ಬಂದ ಬಳಿಕ 2010ರ ಏಪ್ರಿಲ್‌ನಲ್ಲಿ ಸಂಘವು ಮೊಕದ್ದಮೆಯನ್ನು ಹಿಂತೆಗೆದುಕೊಂಡಿತು. ವೈಜ್ಞಾನಿಕ ವಿಮರ್ಶೆಗೆ ರಕ್ಷಣೆ ಬೇಕೆಂಬ ಚಳವಳಿಗೆ ಈ ಪ್ರಕರಣವು ಬಲ ನೀಡಿತು ಮತ್ತು 2013ರ ಬ್ರಿಟನ್ನಿನ ಮಾನನಷ್ಟ ಕಾಯಿದೆಯ ಹಿನ್ನೆಲೆಯಲ್ಲಿ ಇದೂ ಒಂದು ಕಾರಣವಾಯಿತು.

ಆಸ್ಟ್ರೇಲಿಯಾದಲ್ಲಿ ಎರಡು ವಾರದ ಶಿಶುವಿಗೆ ಬೆನ್ನುಮೂಳೆಯ ಉಪಚಾರ ಮಾಡುತ್ತಿದ್ದ ದೃಶ್ಯ ಸಾರ್ವಜನಿಕ ಆಕ್ಷೇಪಕ್ಕೆ ಒಳಗಾದ ನಂತರ, 2019ರಲ್ಲಿ ಅಲ್ಲಿನ ಕೈರೊಪ್ರ್ಯಾಕ್ಟಿಕ್ ಮಂಡಳಿಯು ಎರಡು ವರ್ಷದೊಳಗಿನ ಮಕ್ಕಳಿಗೆ ಇಂಥ ಉಪಚಾರ ಮಾಡಬಾರದೆಂದು ಮಧ್ಯಂತರ ನೀತಿ ಹೊರಡಿಸಿತು. ವಿಕ್ಟೋರಿಯಾ ರಾಜ್ಯದ ಪರಿಶೀಲನಾ ವರದಿಯು ಮಕ್ಕಳಿಗೆ ಹಾನಿಯಾದ ಪುರಾವೆ ಬಹಳ ಕಡಿಮೆ ಇದೆಯೆಂದೂ, ಪ್ರಯೋಜನವಾದುದಕ್ಕೂ ಬಲವಾದ ಪುರಾವೆ ಇಲ್ಲವೆಂದೂ ಹೇಳಿತು.

ಬೆನ್ನು ಮತ್ತು ಹೊಟ್ಟೆಯ ನಡುವಿನ ಸಂಬಂಧಗಳು

ಬೆನ್ನುಮೂಳೆಯ ಹೊಂದಾಣಿಕೆಯಿಂದ ಜೀರ್ಣಕ್ರಿಯೆ ಸುಧಾರಿಸುತ್ತದೆ ಎಂಬುದು ಸಾಬೀತಾಗದಿದ್ದರೂ, ಬೆನ್ನುನೋವು ಮತ್ತು ಜೀರ್ಣಾಂಗಗಳ ನಡುವೆ ವೈದ್ಯಕೀಯವಾಗಿ ಮುಖ್ಯವಾದ ಕೆಲವು ಸಂಬಂಧಗಳಿವೆ.

ಸ್ಥಳಾಂತರಗೊಂಡ ನೋವು: ಒಳಾಂಗಗಳಿಂದ ಬರುವ ನೋವಿನ ತಂತುಗಳು ಚರ್ಮ ಮತ್ತು ಸ್ನಾಯುಗಳ ನರತಂತುಗಳೊಡನೆ ಬೆನ್ನುಹುರಿಯ ಒಂದೇ ಮಟ್ಟವನ್ನು ಸೇರುವುದರಿಂದ, ಅಂಗದ ನೋವು ದೂರದ ಜಾಗದಲ್ಲಿ ಅನುಭವಕ್ಕೆ ಬರುತ್ತದೆ. ಪಿತ್ತಕೋಶದ ಕಲ್ಲಿನ ನೋವು ಬಲ ಹೆಗಲ ಹಿಂಭಾಗದಲ್ಲಿ ಕಾಣಿಸಬಹುದು. ಮೇದೋಜ್ಜೀರಕ ಗ್ರಂಥಿಯ ಉರಿಯೂತ ಅಥವಾ ಕ್ಯಾನ್ಸರ್ ಮತ್ತು ಸಣ್ಣ ಕರುಳಿನ ಮೊದಲ ಭಾಗದ ಹುಣ್ಣು ಬೆನ್ನಿನ ಮಧ್ಯದಲ್ಲಿ ನೋವುಂಟುಮಾಡಬಹುದು. ಇಂಥ ನೋವನ್ನು ಬೆನ್ನುಮೂಳೆಯದೆಂದೇ ಭಾವಿಸಿ ವಾರಗಟ್ಟಲೆ ಉಪಚಾರ ಪಡೆದರೆ ರೋಗನಿರ್ಣಯ ತಡವಾಗುತ್ತದೆ.

ನೋವುನಿವಾರಕಗಳು: ಬೆನ್ನುನೋವಿಗೆ ಬಳಸುವ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆಗಳು ಜಠರದ ಒಳಪದರದ ರಕ್ಷಣೆಯನ್ನು ಕುಗ್ಗಿಸುತ್ತವೆ. ದೀರ್ಘಕಾಲ ಸೇವಿಸಿದರೆ ಹುಣ್ಣು, ರಕ್ತಸ್ರಾವ ಉಂಟಾಗಬಹುದು. ಓಪಿಯಾಯ್ಡ್ ವರ್ಗದ ಔಷಧಗಳು ಮಲಬದ್ಧತೆ ತರುತ್ತವೆ. ವ್ಯಾಯಾಮ ಅಥವಾ ಕೈಚಿಕಿತ್ಸೆಯಿಂದ ನೋವು ತಗ್ಗಿ ಮಾತ್ರೆಗಳ ಬಳಕೆ ಕಡಿಮೆಯಾದರೆ ಹೊಟ್ಟೆಗೂ ಪರೋಕ್ಷವಾಗಿ ಅನುಕೂಲವಾಗಬಹುದು.

ಚಲನೆಯ ಕೊರತೆ: ತೀವ್ರ ಬೆನ್ನುನೋವಿನಿಂದ ಹಾಸಿಗೆ ಹಿಡಿದವರಲ್ಲಿ ಓಡಾಟ ಮತ್ತು ಆಹಾರ ಸೇವನೆ ಕಡಿಮೆಯಾಗಿ ಮಲಬದ್ಧತೆ ಉಂಟಾಗುವುದುಂಟು.

ತುರ್ತು ಸ್ಥಿತಿ: ಸೊಂಟನೋವಿನೊಡನೆ ಮಲಮೂತ್ರಗಳ ಹಿಡಿತ ತಪ್ಪುವುದು, ಮೂತ್ರ ಕಟ್ಟುವುದು, ತೊಡೆಗಳ ಸಂದಿಯಲ್ಲಿ ಸ್ಪರ್ಶಜ್ಞಾನ ಇಲ್ಲವಾಗುವುದು ಬೆನ್ನುಹುರಿಯ ಕೆಳತುದಿಯ ನರಗುಚ್ಛ ಒತ್ತಡಕ್ಕೆ ಸಿಲುಕಿದುದರ ಸೂಚನೆ. ಇದಕ್ಕೆ ಕೂಡಲೇ ಆಸ್ಪತ್ರೆಯ ಚಿಕಿತ್ಸೆ ಬೇಕು. ತಡವಾದರೆ ಹಾನಿ ಶಾಶ್ವತವಾಗಬಹುದು.

ಜೀರ್ಣಾಂಗಗಳ ಆರೋಗ್ಯಕ್ಕೆ ನೆರವಾಗುವ ಜೀವನಶೈಲಿ

ಆಹಾರ ಮತ್ತು ನಾರು

ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಆಹಾರದ ನಾರು ಮತ್ತು 400 ಗ್ರಾಂ ತರಕಾರಿ ಹಾಗೂ ಹಣ್ಣುಗಳನ್ನು ಶಿಫಾರಸು ಮಾಡುತ್ತದೆ. ನಾರು ನೀರನ್ನು ಹಿಡಿದಿಟ್ಟು ಮಲವನ್ನು ಮೃದುಗೊಳಿಸುತ್ತದೆ. ಅದರ ಒಂದು ಭಾಗವು ದೊಡ್ಡ ಕರುಳಿನ ಉಪಯುಕ್ತ ಬ್ಯಾಕ್ಟೀರಿಯಗಳಿಗೆ ಆಹಾರವಾಗುತ್ತದೆ. ಕರ್ನಾಟಕದ ಮುಖ್ಯ ಧಾನ್ಯಗಳಲ್ಲಿ ರಾಗಿಯ ಪ್ರತಿ 100 ಗ್ರಾಂನಲ್ಲಿ ಸುಮಾರು 11 ಗ್ರಾಂ ನಾರು ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು 3 ಗ್ರಾಂ ಮಾತ್ರ ಇದೆ. ಜೋಳ, ಇಡಿಯ ಕಾಳುಗಳು, ಸೊಪ್ಪು, ಸಿಪ್ಪೆಸಹಿತ ತಿನ್ನಬಹುದಾದ ಹಣ್ಣುಗಳು ಇತರ ಉತ್ತಮ ಮೂಲಗಳು. ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬರವಾಗುವುದರಿಂದ ಕೆಲವು ವಾರಗಳಲ್ಲಿ ಹಂತಹಂತವಾಗಿ ಹೆಚ್ಚಿಸಬೇಕು.

ಐಬಿಎಸ್ ಇರುವವರಿಗೆ ಗೋಧಿ ತೌಡಿನಂಥ ಒರಟು ನಾರಿಗಿಂತ ಇಸಬ್ಗೋಲಿನಂಥ ಕರಗುವ ನಾರು ಹೆಚ್ಚು ಒಗ್ಗುತ್ತದೆ. ಇಸಬ್ಗೋಲನ್ನು ಸಾಕಷ್ಟು ನೀರಿನೊಡನೆ ಸೇವಿಸಬೇಕು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ಬೇಗ ಹುದುಗುವ ಸಕ್ಕರೆಗಳನ್ನು ಮಿತಗೊಳಿಸುವ ‘ಕಡಿಮೆ ಫಾಡ್‌ಮ್ಯಾಪ್’ ಪಥ್ಯವು ಐಬಿಎಸ್‌ನ ಹಲವರಿಗೆ ನೆರವಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕೆಲವು ಕಾಳುಗಳು ಇದರಲ್ಲಿ ವರ್ಜ್ಯವಾಗುವುದರಿಂದ, ಆಹಾರ ತಜ್ಞರ ಮಾರ್ಗದರ್ಶನದಲ್ಲಿ ಅಲ್ಪಾವಧಿಗೆ ಮಾತ್ರ ಪಾಲಿಸಿ, ಅನಂತರ ಒಂದೊಂದಾಗಿ ಆಹಾರಗಳನ್ನು ಮರಳಿ ಸೇರಿಸಿಕೊಳ್ಳಬೇಕು. ಹಾಲು ಒಗ್ಗದವರಲ್ಲಿ ಹಲವರಿಗೆ ಲ್ಯಾಕ್ಟೋಸ್ ಪ್ರಮಾಣ ಕಡಿಮೆ ಇರುವ ಮೊಸರು, ಮಜ್ಜಿಗೆಗಳು ಒಗ್ಗುತ್ತವೆ.

ನೀರು

ನೀರಿನ ಕೊರತೆಯಿಂದ ಮಲ ಗಟ್ಟಿಯಾಗುತ್ತದೆ. ಆದರೆ ಸಾಕಷ್ಟು ನೀರು ಕುಡಿಯುತ್ತಿರುವವರು ಇನ್ನಷ್ಟು ಕುಡಿದ ಮಾತ್ರಕ್ಕೆ ಮಲಬದ್ಧತೆ ಪರಿಹಾರವಾಗುವುದಿಲ್ಲ. ಮೂತ್ರಪಿಂಡ ಅಥವಾ ಹೃದಯದ ಕಾಯಿಲೆ ಇರುವವರು ವೈದ್ಯರು ಹೇಳಿದ ಮಿತಿಯಲ್ಲಿರಬೇಕು.

ವ್ಯಾಯಾಮ ಮತ್ತು ಭಂಗಿ

ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮದ ವ್ಯಾಯಾಮವನ್ನು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ. ಬಿರುಸಿನ ನಡಿಗೆ ಇದಕ್ಕೆ ಸಾಕು. ನಿಯಮಿತ ವ್ಯಾಯಾಮದಿಂದ ಕರುಳಿನ ಚಲನೆಗೆ ನೆರವಾಗುವುದಲ್ಲದೆ ದೊಡ್ಡ ಕರುಳಿನ ಕ್ಯಾನ್ಸರ್‌ನ ಸಂಭವವೂ ತಗ್ಗುತ್ತದೆ. ಊಟವಾದ ಕೂಡಲೇ ಮುಂದಕ್ಕೆ ಬಾಗುವುದು, ಹೊಟ್ಟೆಯನ್ನು ಬಿಗಿಯುವ ಉಡುಪು ಧರಿಸುವುದು ಆಮ್ಲವು ಅನ್ನನಾಳಕ್ಕೆ ಮೇಲೇರಲು ಅನುವು ಮಾಡಿಕೊಡುತ್ತವೆ. ವಪೆಯನ್ನು ಬಳಸಿ ಮಾಡುವ ನಿಧಾನವಾದ ಉಸಿರಾಟದ ಅಭ್ಯಾಸವು ಎದೆಯುರಿಯ ಕೆಲವು ರೋಗಿಗಳಲ್ಲಿ ಉಪಯುಕ್ತವೆಂದು ಕಂಡುಬಂದಿದೆ.

ಶೌಚದ ಅಭ್ಯಾಸ

ಆಹಾರ ಜಠರಕ್ಕೆ ಬಿದ್ದಾಗ ದೊಡ್ಡ ಕರುಳು ಪ್ರತಿವರ್ತನೆಯಿಂದ ಚುರುಕಾಗುತ್ತದೆ. ಆದ್ದರಿಂದ ಬೆಳಗಿನ ತಿಂಡಿಯ ನಂತರದ ಸಮಯ ಶೌಚಕ್ಕೆ ಅನುಕೂಲ. ಶಂಕೆಯನ್ನು ತಡೆಹಿಡಿಯುವ ಅಭ್ಯಾಸ ಮಲಬದ್ಧತೆಗೆ ದಾರಿ. ಶಾಲೆಯ ಶೌಚಾಲಯ ಬಳಸಲು ಹಿಂಜರಿಯುವ ಮಕ್ಕಳಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಕುಕ್ಕರುಗಾಲಿನಲ್ಲಿ ಕುಳಿತಾಗ ಗುದನಾಳದ ಬಾಗು ನೇರವಾಗಿ ಮಲ ಸುಲಭವಾಗಿ ಹೊರಬರುತ್ತದೆ. ಕಮೋಡ್ ಬಳಸುವವರು ಪಾದಗಳ ಕೆಳಗೆ ಸಣ್ಣ ಮಣೆ ಇಟ್ಟುಕೊಂಡರೆ ಇದೇ ಭಂಗಿಗೆ ಹತ್ತಿರವಾಗುತ್ತದೆ. ಮುಕ್ಕುವಾಗ ಗುದದ ಸ್ನಾಯುಗಳು ಸಡಿಲಗೊಳ್ಳದ ರೋಗಿಗಳಿಗೆ ಬಯೋಫೀಡ್‌ಬ್ಯಾಕ್ ಎಂಬ ತರಬೇತಿ ಪರಿಣಾಮಕಾರಿ.

ಊಟ, ನಿದ್ರೆ ಮತ್ತು ಒತ್ತಡ

ರಾತ್ರಿಯ ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆಗಳ ಅಂತರವಿಡುವುದು, ಮಂಚದ ತಲೆಯ ಭಾಗವನ್ನು ಎತ್ತರಿಸುವುದು, ಎಡ ಮಗ್ಗುಲಾಗಿ ಮಲಗುವುದು, ದೇಹದ ತೂಕ ಹೆಚ್ಚಿದ್ದರೆ ಇಳಿಸುವುದು ಎದೆಯುರಿಯನ್ನು ತಗ್ಗಿಸುತ್ತವೆ. ತಂಬಾಕು ಮತ್ತು ಮದ್ಯ ಅನ್ನನಾಳದ ಕೆಳಗಿನ ಕವಾಟವನ್ನು ದುರ್ಬಲಗೊಳಿಸುತ್ತವೆ. ಇವು ಜೀರ್ಣಾಂಗಗಳ ಹಲವು ಕ್ಯಾನ್ಸರ್‌ಗಳಿಗೂ ಕಾರಣ. ಮಿದುಳು ಮತ್ತು ಕರುಳಿನ ನಡುವೆ ಎರಡೂ ದಿಕ್ಕಿನ ಸಂವಹನ ಇರುವುದರಿಂದ ಮಾನಸಿಕ ಒತ್ತಡ ಮತ್ತು ನಿದ್ರಾಹೀನತೆ ಐಬಿಎಸ್‌ನ ಲಕ್ಷಣಗಳನ್ನು ಉಲ್ಬಣಗೊಳಿಸುತ್ತವೆ. ಅರಿವಿನ ವರ್ತನಾ ಚಿಕಿತ್ಸೆ ಮತ್ತು ಕರುಳನ್ನು ಕೇಂದ್ರೀಕರಿಸಿದ ಸಂಮೋಹನ ಚಿಕಿತ್ಸೆಗಳಿಂದ ಕೆಲವರಿಗೆ ಪ್ರಯೋಜನವಾಗಿದೆ.

ಸುರಕ್ಷತೆ ಮತ್ತು ಅಪಾಯಗಳು

ಬೆನ್ನುಮೂಳೆಯ ಉಪಚಾರದ ನಂತರ ಒಂದೆರಡು ದಿನ ನೋವು, ಬಿಗಿತ, ಆಯಾಸ ಕಾಣಿಸುವುದು ಸಾಮಾನ್ಯ. ಗಂಭೀರ ತೊಡಕುಗಳು ವಿರಳ. ಕುತ್ತಿಗೆಯನ್ನು ವೇಗವಾಗಿ ತಿರುಗಿಸಿದ ಬಳಿಕ ಕುತ್ತಿಗೆಯ ರಕ್ತನಾಳದ ಒಳಪದರ ಸೀಳಿ ಪಾರ್ಶ್ವವಾಯು ಉಂಟಾದ ಪ್ರಕರಣಗಳು ವರದಿಯಾಗಿವೆ. ಮೂಳೆಸವೆತ, ಬೆನ್ನುಮೂಳೆಯ ಸೋಂಕು ಅಥವಾ ಗೆಡ್ಡೆ, ಇತ್ತೀಚಿನ ಮೂಳೆಮುರಿತ, ರಕ್ತ ತೆಳುಗೊಳಿಸುವ ಔಷಧ ಸೇವನೆ, ನರದೌರ್ಬಲ್ಯ ಹೆಚ್ಚುತ್ತಿರುವುದು ಇಂಥ ಸ್ಥಿತಿಗಳಲ್ಲಿ ಬಲವಾದ ಉಪಚಾರವನ್ನು ಮಾಡಬಾರದು ಅಥವಾ ವಿಶೇಷ ಎಚ್ಚರ ವಹಿಸಬೇಕು.

ಜೀರ್ಣಾಂಗಗಳ ವಿಷಯದಲ್ಲಿ ಹೆಚ್ಚಿನ ಅಪಾಯವಿರುವುದು ಸರಿಯಾದ ರೋಗನಿರ್ಣಯ ತಡವಾಗುವುದರಲ್ಲಿ. ಕೆಳಗಿನ ಲಕ್ಷಣಗಳಿದ್ದರೆ ಮನೆಮದ್ದು ಅಥವಾ ಪರ್ಯಾಯ ಚಿಕಿತ್ಸೆಗಳನ್ನು ನೆಚ್ಚದೆ ವೈದ್ಯರನ್ನು ಕಾಣಬೇಕು:

• ಮಲದಲ್ಲಿ ರಕ್ತ ಅಥವಾ ಡಾಂಬರಿನಂತೆ ಕಪ್ಪಾದ ಮಲ
• ರಕ್ತವಾಂತಿ ಅಥವಾ ನಿಲ್ಲದ ವಾಂತಿ
• ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ
• ನುಂಗಲು ಕಷ್ಟವಾಗುವುದು
• ಕಾಮಾಲೆ
• ನಡುವಯಸ್ಸಿನ ನಂತರ ಮಲವಿಸರ್ಜನೆಯ ರೀತಿಯಲ್ಲಿ ಹೊಸದಾಗಿ ಕಂಡುಬಂದ ಬದಲಾವಣೆ
• ರಾತ್ರಿ ನಿದ್ರೆಯಿಂದ ಎಬ್ಬಿಸುವ ಹೊಟ್ಟೆನೋವು ಅಥವಾ ಬೆನ್ನುನೋವು
• ಶಿಶುವಿನಲ್ಲಿ ಜ್ವರ, ಹಸಿರು ವಾಂತಿ, ಮಲದಲ್ಲಿ ರಕ್ತ, ತೂಕ ಹೆಚ್ಚದಿರುವುದು

ಭಾರತದಲ್ಲಿ

ಭಾರತದಲ್ಲಿ ಆಯುಷ್ ಇಲಾಖೆಯ ವ್ಯಾಪ್ತಿಗೆ ಬರುವ ಆಯುರ್ವೇದ, ಯೋಗ, ಪ್ರಕೃತಿ ಚಿಕಿತ್ಸೆ, ಯುನಾನಿ, ಸಿದ್ಧ, ಸೋವಾ ರಿಗ್ಪಾ ಮತ್ತು ಹೋಮಿಯೊಪಥಿಗಳಲ್ಲಿ ಕೈರೊಪ್ರ್ಯಾಕ್ಟಿಕ್ ಸೇರಿಲ್ಲ. ದೊಡ್ಡ ನಗರಗಳಲ್ಲಿ ವಿದೇಶದಲ್ಲಿ ಪದವಿ ಪಡೆದ ಕೆಲವರು ಚಿಕಿತ್ಸಾಲಯಗಳನ್ನು ನಡೆಸುತ್ತಾರೆ. ಅಲ್ಪಾವಧಿಯ ತರಬೇತಿ ಪಡೆದವರೂ ಇದೇ ಹೆಸರನ್ನು ಬಳಸುವುದುಂಟು. ಆದ್ದರಿಂದ ಚಿಕಿತ್ಸಕರ ವಿದ್ಯಾರ್ಹತೆಯನ್ನು ವಿಚಾರಿಸಿ ತಿಳಿಯುವುದು ಅಗತ್ಯ. ಕರ್ನಾಟಕದಲ್ಲಿ ಬೆನ್ನುನೋವಿನ ಆರೈಕೆ ಹೆಚ್ಚಾಗಿ ಮೂಳೆ ತಜ್ಞರು ಮತ್ತು ಫಿಸಿಯೊಥೆರಪಿಸ್ಟ್‌ಗಳಿಂದ ನಡೆಯುತ್ತದೆ. ಫಿಸಿಯೊಥೆರಪಿ ಪದವಿ ಶಿಕ್ಷಣವು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಲಭ್ಯವಿದೆ. ಕ್ಷೌರದಂಗಡಿಗಳಲ್ಲಿ ತಲೆ ಹಿಡಿದು ಕುತ್ತಿಗೆಯ ನೆಟಿಕೆ ತೆಗೆಯುವ ರೂಢಿಗೂ ಕೈರೊಪ್ರ್ಯಾಕ್ಟಿಕ್‌ಗೂ ಸಂಬಂಧವಿಲ್ಲವಾದರೂ, ಕುತ್ತಿಗೆಯ ರಕ್ತನಾಳಕ್ಕೆ ಆಗಬಹುದಾದ ಅಪಾಯ ಎರಡರಲ್ಲಿಯೂ ಒಂದೇ ಬಗೆಯದು.

ಅಂಗವೊಂದು ಸ್ಥಾನ ತಪ್ಪಿದುದರಿಂದ ಹೊಟ್ಟೆ ಕೆಡುತ್ತದೆ ಎಂಬ ನಂಬಿಕೆ ಭಾರತದ ಜನಪದ ವೈದ್ಯದಲ್ಲಿಯೂ ಇದೆ. ಹೊಟ್ಟೆನೋವು, ಭೇದಿಗಳಾದಾಗ ಹೊಕ್ಕುಳು ಸರಿದಿದೆಯೆಂದು ಹೇಳಿ ಹೊಟ್ಟೆಯನ್ನು ತಿಕ್ಕಿ ಸ್ವಸ್ಥಾನಕ್ಕೆ ತರುವ ಉಪಚಾರ ಹಲವೆಡೆ ರೂಢಿಯಲ್ಲಿದೆ. ಹೊಕ್ಕುಳು ಹೀಗೆ ಸರಿಯುವುದಕ್ಕೆ ಅಂಗರಚನಾಶಾಸ್ತ್ರದಲ್ಲಿ ಆಧಾರವಿಲ್ಲ. ಅಪೆಂಡಿಕ್ಸ್‌ನ ಉರಿಯೂತದಂಥ ಸ್ಥಿತಿಯಲ್ಲಿ ಹೊಟ್ಟೆ ತಿಕ್ಕುವುದು ಅಪಾಯಕರ. ಭೇದಿಯಾದ ಮಗುವಿಗೆ ಓಆರ್‌ಎಸ್ ದ್ರಾವಣವನ್ನು ತಡಮಾಡದೆ ಕೊಡುವುದು ಮುಖ್ಯ.